ಭೂಗರ್ಭ ವಿಭಾಗದ ಹೊಸ್ತಿಲಲ್ಲಿ ಒಂದು ಟಗರು

ಇಶ್ಶೂವನ್ನು ಮೊದಲ ಸಲ ಕಂಡಾಗ ಅವನೊಬ್ಬ ಕೊಲೆಗಾರನೆಂದೇ ನಂಬಿ, ಆ ನಂಬಿಕೆಯ ಮೇಲೆ ಪೊಲೀಸರನ್ನೂ ಕರೆಸಿದ ಮಹಾಶಯನೊಬ್ಬನಿದ್ದಾನೆ. ಹೆಸರು ಬದ್ರ್. ವಿಶ್ವವಿದ್ಯಾಲಯದ ಭೂಗರ್ಭ ವಿಭಾಗದಲ್ಲಿ ಕಲ್ಲು ಪುಡಿ ಮಾಡಿ, ಸೀಸೆ ತೊಳೆದು, ತೊಳೆದ ಸೀಸೆಗೆ ಚೀಟಿ ಅಂಟಿಸಿ ತಿಂಗಳ ಸಂಬಳ ತೆಗೆದುಕೊಳ್ಳುವವನು. ಆಗ ವಯಸ್ಸು ಇಪ್ಪತ್ತನಾಲ್ಕು. ಧೈರ್ಯ ಅದರ ಕಾಲುಭಾಗವೂ ಇರಲಿಲ್ಲ. ಸುತ್ತಿ ಬಳಸಿ ಹೇಳುವುದೇಕೆ, ಇದನ್ನು ಬರೆಯುತ್ತಿರುವವನೇ ಆ ಮಹಾಶಯ.

ಅವತ್ತು ಬೆಳಿಗ್ಗೆ ಎಂಟಕ್ಕೆ ಅವನು ಕಿಟಕಿ ತೆರೆದರೆ, ವಿಭಾಗದ ಬಾಗಿಲೆದುರು ಕಂದು ಉಣ್ಣೆಯ ನಿಲುವಂಗಿ ತೊಟ್ಟ ಎತ್ತರದ ಆಳೊಬ್ಬ ಮಂಡಿಯೂರಿ ಕೂತಿದ್ದ. ಮಂಡಿಗಳ ನಡುವೆ ಕೊಂಬಿನ ಟಗರು. ಕೈ ಒಂದೇ ಸಲ ಅಡ್ಡ ಹೋಯಿತು. ನೆತ್ತರು ಹೊಸ್ತಿಲು ತುಂಬಿ, ಬಾಗಿಲ ಸಂದಿಯಿಂದ ಒಳಗೂ ನುಗ್ಗಿ, ಉಳಿದದ್ದು ಮೂರು ಮೆಟ್ಟಿಲಿಳಿದು ಹೋಯಿತು. ಟಗರಿನ ಹಿಂಗಾಲು ಇನ್ನೂ ಗಾಳಿಯಲ್ಲಿ ಓಡುತ್ತಿರುವಾಗಲೇ ಆಳು ತಲೆಯೆತ್ತಿ ಕಿಟಕಿಯಲ್ಲಿದ್ದ ಬದ್ರನನ್ನು ಕೇಳಿದ.

"ಸಿಹಾಮ್ ಬಂದಿದಾಳಾ?"

ಸಿಹಾಮ್ ಲಬ್ಬಾರ್ ಆ ವಿಭಾಗದಲ್ಲಿ ಅಂತರ್ಜಲದ ಪಾಠ ಮಾಡುವ ಅಧ್ಯಾಪಕಿ. ನೆತ್ತರು, ಚೂರಿ, ಅಧ್ಯಾಪಕಿಯ ಹೆಸರು, ಈ ಮೂರನ್ನೂ ಕೂಡಿಸಿದ ಬದ್ರ್ ಓಡಿಹೋಗಿ ಆಸಿಡ್ ಇಡುವ ಕೋಣೆ ಹೊಕ್ಕು ಚಿಲಕ ಹಾಕಿಕೊಂಡ. ಒಂದು ಕೈಯಲ್ಲಿ ಆತ್ಮರಕ್ಷಣೆಗೆ ಮರಳು ಜರಡಿ, ಇನ್ನೊಂದರಲ್ಲಿ ಫೋನು. ಪೊಲೀಸರಿಗೆ ಹೇಳಿದ್ದು ಇಷ್ಟು: "ಒಂದು ಕತ್ತು ಕೊಯ್ದಿದಾನೆ, ಇನ್ನೊಂದಕ್ಕೆ ಕಾಯ್ತಾ ಇದಾನೆ, ಬೇಗ ಬನ್ನಿ." ಮೊದಲ ಕತ್ತು ಟಗರಿನದು ಎಂದು ಹೇಳುವುದು ಗಾಬರಿಯಲ್ಲಿ ಬಿಟ್ಟೇಹೋಯಿತು.

ಬದ್ರನಿಗೆ ಗೊತ್ತಿರಬೇಕಿತ್ತು. ಅವನ ಅಜ್ಜಿಯೂ ಇಶ್ಶೂ ಬಂದ ಅಟ್ಲಾಸ್ ಬೆಟ್ಟದಿಂದಲೇ ಇಳಿದು ಬಂದವಳು. ಬೆಟ್ಟದ ಅಮಾಝಿಗ್ ಜನರಲ್ಲಿ, ಎಲ್ಲ ಬಾಗಿಲೂ ಮುಚ್ಚಿಹೋದ ಮನುಷ್ಯ ಕೊನೆಗೆ ಮಾಡುವುದು ಇದನ್ನೇ. ಯಾರಿಂದ ಕೆಲಸ ಆಗಬೇಕೋ ಅವರ ಹೊಸ್ತಿಲಿಗೆ ನೆತ್ತರು ಇಡುತ್ತಾನೆ, ಚೂರಿ ಕೆಳಗಿಟ್ಟು ಬೆನ್ನು ತಿರುಗಿಸುತ್ತಾನೆ. ಆ ಮಾಂಸದ ಒಂದು ಚೂರನ್ನೂ ಬಾಯಿಗೆ ಹಾಕುವುದಿಲ್ಲ. ಅದು ಬೆದರಿಕೆಯಲ್ಲ, ಅರ್ಜಿ. ಆದರೆ ಇಂಥ ಅರ್ಜಿಯನ್ನು ಮೇಜಿನ ಡ್ರಾಯರಿಗೆ ಹಾಕಿ ಬೀಗ ಜಡಿಯಲು ಬರುವುದಿಲ್ಲ. ನೆತ್ತರು ಕಂಡವರು ಕೆಲಸ ಮಾಡಿಕೊಡಬೇಕು, ಇಲ್ಲವೇ ಆಮೇಲೆ ತಮಗೆ ಬಂದದ್ದನ್ನು ಬಾಯಿ ಮುಚ್ಚಿಕೊಂಡು ಅನುಭವಿಸಬೇಕು.

ಬೇರೆ ದಿನ ಕರೆದರೆ ಮಧ್ಯಾಹ್ನಕ್ಕೆ ಬರುವ ಪೊಲೀಸರು ಅವತ್ತು ಎಂಟು ನಿಮಿಷಕ್ಕೆ ಬಂದರು. ನಾಲ್ಕು ಜನ. ಇಶ್ಶೂ ಚೂರಿಯನ್ನು ಆಗಲೇ ಮೆಟ್ಟಿಲ ಮೇಲಿಟ್ಟು, ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ. ಒಬ್ಬ ಅವನ ಬಲಗೈಯನ್ನು ಬೂಟಿನಿಂದ ಮೆಟ್ಟಿ ಹಿಮ್ಮಡಿಯ ಮೇಲೆ ಪೂರ್ತಿ ತಿರುಗಿದ. ಮೂರು ಬೆರಳು ಮುರಿದ ಸದ್ದು ಆಸಿಡ್ ಕೋಣೆಯವರೆಗೂ ಬಂತು. ಇನ್ನೊಬ್ಬನ ಲಾಠಿ ಬಾಯಿಗೇ ಬಿತ್ತು. ಎರಡು ಹಲ್ಲು ಮೆಟ್ಟಿಲ ಮೇಲೆ ಉರುಳಿದವು. ಆಮೇಲೆ ಬೆನ್ನು, ಮೊಣಕಾಲು, ಮತ್ತೆ ಬೆನ್ನು. ಆ ಮೆಟ್ಟಿಲ ಮೇಲೆ ಟಗರಿನದು ಎಷ್ಟು, ಇಶ್ಶೂವಿನದು ಎಷ್ಟು ಎಂದು ಹೇಳುವುದು ವಿಭಾಗದ ಯಾವ ಯಂತ್ರದಿಂದಲೂ ಸಾಧ್ಯವಿರಲಿಲ್ಲ. ಜೀಪಿಗೆ ಎಳೆದೊಯ್ಯುವಾಗ ಇಶ್ಶೂ ಹೇಳಿದ್ದು ಒಂದೇ ಮಾತು.

"ಟಗರನ್ನ ನೆರಳಿಗೆ ಎಳೀರಪ್ಪಾ. ಬಿಸಿಲಿಗೆ ಕೆಡತ್ತೆ."

ಎಳೆದರು. ಸಾಕ್ಷ್ಯವೆಂದು ಅದನ್ನೂ ಜೀಪಿಗೆ ಹಾಕಿಕೊಂಡರು. ಸಂಜೆಯ ಹೊತ್ತಿಗೆ ಠಾಣೆಯ ಬೀದಿಯೆಲ್ಲ ಜೀರಿಗೆ ಹಾಕಿ ಸುಟ್ಟ ಮಾಂಸದ ಘಮ.

ಹೊಡೆಸಿಕೊಳ್ಳುವುದು ಇಶ್ಶೂವಿಗೆ ಹೊಸದಲ್ಲ. ಬೆಟ್ಟದಲ್ಲಿ ಬಂದೂಕು ಎದ್ದ ವರ್ಷ ಅವನಿಗೆ ಆರು ತುಂಬಿತ್ತು. ಬಂಡಾಯದವರಿಗೆ ರೊಟ್ಟಿ ಕೊಟ್ಟರೆಂದು ಸಿಪಾಯಿಗಳು ಅವನ ಹಳ್ಳಿ ಐತ್ ಉಝ್ರೂವಿನ ಗಂಡಸರನ್ನೆಲ್ಲ ಒಕ್ಕುವ ಕಣದಲ್ಲಿ ಸಾಲಾಗಿ ಕೂರಿಸಿ, ಅವನ ಅಪ್ಪನನ್ನು ಹೇಸರಗತ್ತೆಯ ಬಾಲಕ್ಕೆ ಕಟ್ಟಿ ಕಣ ಸುತ್ತಿಸಿದರು. ಏಳನೇ ಸುತ್ತಿಗೆ ಕತ್ತೆ ನಿಂತಿತು. ಅಪ್ಪ ಅದಕ್ಕೂ ಮುಂಚೆಯೇ ನಿಂತಿದ್ದ. ಆ ಕಣದಲ್ಲಿ ಇವತ್ತಿಗೂ ಬಾರ್ಲಿ ಒಕ್ಕುತ್ತಾರೆ. ಬೇರೆ ಸಮತಟ್ಟು ಜಾಗ ಆ ಊರಿನಲ್ಲಿ ಇಲ್ಲ.

ಅಪ್ಪ ಬಿಟ್ಟುಹೋದದ್ದು ಒಂದು ಗುದ್ದಲಿ, ಒಂದು ಕಸುಬು. ಬೆಟ್ಟದ ಬುಡದಿಂದ ತೋಟದವರೆಗೆ ನೆಲದಡಿಯಲ್ಲೇ ನೀರು ತರುವ ಸುರಂಗ ತೋಡುವುದು, ಕುಸಿದರೆ ಎತ್ತುವುದು, ಹೂಳು ತೆಗೆಯುವುದು. ಸುರಂಗದ ಉದ್ದಕ್ಕೂ ಇಳಿಯಲು ಹತ್ತೊಂಬತ್ತು ಬಾವಿಬಾಯಿಗಳು. ಅಣ್ಣ ಕೆಳಗಿಳಿದು ತೋಡಿದರೆ ಇಶ್ಶೂ ಮೇಲೆ ಹಗ್ಗ ಹಿಡಿಯುತ್ತಿದ್ದ. ಆ ಕಸುಬಿನಲ್ಲಿ ಗುದ್ದಲಿ ಯಾರು ಬೇಕಾದರೂ ಹಿಡಿಯಬಹುದು. ಹಗ್ಗ ಹಿಡಿಯುವವನು ಮಾತ್ರ ಒಡಹುಟ್ಟಿದವನಾಗಿರಬೇಕು ಎಂದು ಮಾತಿದೆ. ಹನ್ನೊಂದನೇ ಬಾವಿಯಲ್ಲಿ ಮಣ್ಣು ಜರಿದಾಗ ಇಶ್ಶೂ ಎಳೆದ. ಹಗ್ಗ ಬಂತು, ಅಣ್ಣ ಬರಲಿಲ್ಲ. ಎರಡು ದಿನ ಒಬ್ಬನೇ ಅಗೆದು, ಎದೆ ಅಪ್ಪಚ್ಚಿಯಾಗಿದ್ದ ಅಣ್ಣನನ್ನು ಬೆನ್ನಿಗೆ ಕಟ್ಟಿಕೊಂಡು ಮೇಲೆ ತಂದ.

ಅವನೂ ಸಾಧುವೇನಲ್ಲ. ಬೆಟ್ಟದ ಆಚೆ ಮಗ್ಗುಲಲ್ಲಿ ಬೆಳ್ಳಿಯ ಗಣಿ ಬಂದು, ಗಣಿಯವರು ಮೂರು ಆಳದ ಕೊಳವೆಬಾವಿ ಕೊರೆಸಿ ಅದಿರು ತೊಳೆಯತೊಡಗಿದಾಗ ಸುರಂಗದ ನೀರು ಸೊಂಟದಿಂದ ಮೊಣಕಾಲಿಗೆ, ಮೊಣಕಾಲಿನಿಂದ ಹಿಮ್ಮಡಿಗೆ ಇಳಿಯಿತು. ಕೇಳಲು ಹೋದವರನ್ನು ಗಣಿಯ ಕಾವಲು ಮೇಸ್ತ್ರಿ ಮಿಮೂನ್, ಇವನೂ ಪಕ್ಕದ ಕಣಿವೆಯ ಅಮಾಝಿಗನೇ, ನಾಯಿ ಬಿಟ್ಟು ಓಡಿಸಿದ. ಇಶ್ಶೂ ಓಡಲಿಲ್ಲ. ನಾಯಿಯನ್ನು ಕಾಲಿನಿಂದ ಒದ್ದು, ಮಿಮೂನನ ಮೇಲೆ ಬಿದ್ದು, ಅವನ ಎಡಗಿವಿಯ ಅರ್ಧವನ್ನು ಹಲ್ಲಿನಿಂದ ಕಿತ್ತು ಗಣಿಯ ಗೇಟಿನ ಮೇಲೆ ಉಗಿದ. ಎರಡು ವರ್ಷ ಜೈಲು. ಅಲ್ಲಿಂದ ಬಂದವನನ್ನು ಊರವರು, "ರುಚಿ ಹೇಗಿತ್ತಪ್ಪ?" ಎಂದು ಕೇಳಿದರೆ, "ಉಪ್ಪು ಕಮ್ಮಿ," ಎಂದಿದ್ದ.

ಸಿಹಾಮ್ ಆ ಊರಿಗೆ ಬಂದದ್ದು ಈ ಜಗಳಕ್ಕೆ ಮೊದಲು, ಗಣಿಯಿಲ್ಲದ ಕಾಲದಲ್ಲಿ. ಇಪ್ಪತ್ತಮೂರರ ಹುಡುಗಿ, ಫೆಸ್ ಪಟ್ಟಣದ ದೊಡ್ಡ ಮನೆತನದವಳು, ಸಂಶೋಧನೆ ಎಂದು ಏಳು ತಿಂಗಳು ಐತ್ ಉಝ್ರೂವಿನಲ್ಲಿದ್ದಳು. ಅಣ್ಣ ಸತ್ತು ಒಂದು ವರ್ಷವೂ ಆಗಿರಲಿಲ್ಲ; ಹನ್ನೊಂದನೇ ಬಾವಿಯ ಹಗ್ಗವನ್ನು ಇಶ್ಶೂ ಮುಟ್ಟಿರಲಿಲ್ಲ. ಇವಳು ಬಂದು, "ದಾದಾ, ನನ್ನನ್ನ ಇಳಿಸ್ತೀಯಾ?" ಎಂದು ಕೇಳಿದಳು. ಅಣ್ಣ ಎಂದು ಕರೆದವಳಿಗೆ ಇಲ್ಲ ಎನ್ನಲಾಗದೆ ಇಳಿಸಿದ. ಅವಳು ನೀರಿನಲ್ಲಿ ನಿಂತು ಅಳತೆ ಬರೆದುಕೊಂಡಳು, ಊರಿನ ರೊಟ್ಟಿ ತಿಂದು, ಎಣ್ಣೆ ನೆಕ್ಕಿ, ಪಟ್ಟಣಕ್ಕೆ ಹೋಗಿ ಪಂಡಿತೆಯಾದಳು. ಹದಿನೇಳು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಈಗ ಕೋರ್ಟಿನಲ್ಲಿ ಗಣಿಯವರು, ಆ ಸುರಂಗ ನಲವತ್ತು ವರ್ಷದಿಂದಲೂ ಒಣಗಿಯೇ ಇದೆ, ನಾವು ಯಾರ ನೀರನ್ನೂ ಮುಟ್ಟಿಲ್ಲ ಎಂದು ಹೇಳಿದ್ದರು. ಅದಕ್ಕೆ ಒತ್ತಾಸೆಯಾಗಿ ವರದಿ ಕೊಟ್ಟದ್ದು ಸಿಹಾಮಳ ವಿಭಾಗದ ಮುಖ್ಯಸ್ಥರೇ; ವಿಭಾಗದ ಹೊಸ ಯಂತ್ರಗಳೆಲ್ಲ ಗಣಿಯವರ ಕೊಡುಗೆ. ನೀರಿತ್ತು ಎನ್ನಲು ಊರವರಿಗಿದ್ದ ಕಾಗದವೆಂದರೆ ಸಿಹಾಮಳ ಹಳೆಯ ಪ್ರಬಂಧ ಒಂದೇ. ಬರೆದವಳು ಬಂದು ಹೌದು ಎನ್ನದಿದ್ದರೆ ಅದೂ ರದ್ದಿ. ನೀರು ಹೋದರೆ ಊರು ಹೋಯಿತು. ಇಶ್ಶೂ ಅವಳಿಗೆ ಮೂರು ಕಾಗದ ಬರೆಸಿದ, ಏಳು ಸಲ ಫೋನ್ ಮಾಡಿಸಿದ. ಕೊನೆಗೆ ಟಗರನ್ನು ಬಸ್ಸಿನ ಹೊಟ್ಟೆಯಲ್ಲಿ ಹಾಕಿಕೊಂಡು ತಾನೇ ಹೊರಟ.

ಸಿಹಾಮ್ ಆ ಬೆಳಿಗ್ಗೆ ಒಂಬತ್ತೂವರೆಗೆ ಬಂದವರು ಹೊಸ್ತಿಲು ನೋಡಿದರು. ಬದ್ರ್ ಅಷ್ಟರಲ್ಲಿ ಆಸಿಡ್ ಕೋಣೆಯಿಂದ ಹೊರಬಿದ್ದು, ತಾನು ಅವರ ಜೀವ ಉಳಿಸಿದ ಕಥೆ ಹೇಳಲು ಬಾಯಿ ತೆರೆದಿದ್ದ. ಅವರು ಕೇಳಿದ್ದು ಒಂದೇ: "ಎತ್ತರದ ಆಳಾ? ಕಂದು ಅಂಗಿ?" ಹೌದೆಂದ. ಅವರ ಮುಖ ಸುಣ್ಣದ ಗೋಡೆಯ ಹಾಗಾಯಿತು. ಬಾಯಿ ತೆರೆದೇ ಇದ್ದ ಬದ್ರನನ್ನು ಅಲ್ಲೇ ಬಿಟ್ಟು ಠಾಣೆಗೆ ಹೋದರು.

"ಇವನು ನಿಮ್ಮನ್ನ ಕೊಲ್ಲಕ್ಕೆ ಬಂದಿದ್ದ ಉಸ್ತಾದಾ," ಎಂದ, ಅವರನ್ನು ರಾತ್ರಿಯವರೆಗೂ ಕಾಯಿಸಿದ ಠಾಣೆಯ ಅಧಿಕಾರಿ. ಪಾಠ ಹೇಳುವ ಹೆಂಗಸರನ್ನು ಅಲ್ಲಿ ಕರೆಯುವುದೇ ಹಾಗೆ.

"ನನ್ನನ್ನ ಕೊಲ್ಲಕ್ಕೆ ಟಗರು ಯಾಕೆ ತರ್ತಾನೆ?"

"ಮೊದ್ಲು ಅದರ ಮೇಲೆ ಕೈ ಪಳಗಿಸ್ಕೊಳ್ಳೋಣ ಅಂತ ಇರ್ಬಹುದು."

"ಟಗರು ಎಲ್ಲಿ?"

ಅಧಿಕಾರಿ ಚಾವಣಿ ನೋಡಿದ. ಅವನ ಮೀಸೆಯಲ್ಲಿ ಇನ್ನೂ ಎಣ್ಣೆಯಿತ್ತು. ಮಾತು ಎರಡು ದಿನ ಎಳೆಯಿತು. ಮೂರನೇ ದಿನ, ಟಗರನ್ನು ತಿಂದ ಸಂಗತಿ ಪತ್ರಿಕೆಗೆ ಹೋಗುವ ಸೂಚನೆ ಸಿಕ್ಕ ಮೇಲೆ, ಇಶ್ಶೂವನ್ನು ಬಿಟ್ಟರು. ಹೊರಗೆ ಬಿಸಿಲಿನಲ್ಲಿ ಅವನು ಕಣ್ಣು ಕಿರಿದು ಮಾಡಿ ಸಿಹಾಮಳನ್ನು ನೋಡಿದ. ಅವನ ಮುಖದ ಒಂದು ಮಗ್ಗುಲು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

"ವಯಸ್ಸಾಯ್ತು ನಿಂಗೂ," ಎಂದ.

"ದಾದಾ, ಬರ್ತೀನಿ ಅಂತ ಒಂದು ಮಾತು ತಿಳಿಸ್ಬಾರ್ದಿತ್ತಾ?"

"ತಿಳಿಸ್ದೆನಲ್ಲ. ಕಾಗದ ಮೂರು. ಬಂದ್ವಾ?"

ಸಿಹಾಮ್ ಸುಳ್ಳು ಹೇಳಬಹುದಿತ್ತು. "ಬಂದ್ವು. ಡ್ರಾಯರಲ್ಲಿ ಇವೆ. ನನ್ನ ಬಡ್ತಿ ಇತ್ತು ಈ ವರ್ಷ. ಮುಖ್ಯಸ್ಥರ ವರದಿ ಸುಳ್ಳು ಅಂತ ನಾನು ಹೇಳಿದ್ರೆ..." ಎಂದು ನಿಲ್ಲಿಸಿದರು.

"ಅದಕ್ಕೇ ಟಗರು ತಂದೆ. ಕಾಗದಾನ ದಾಟ್ಕೊಂಡು ಹೋಗ್ಬಹುದು."

"ಕೈ ಏನಾಯ್ತು?"

"ಮೂರು ಹೋದ್ವು. ಏಳು ಇವೆ."

ಆ ಮೂರು ದಿನವೂ ಹೊಸ್ತಿಲ ನೆತ್ತರು ಹಾಗೇ ಇತ್ತು. ತೊಳೆಯಿಸಿ ಎಂದು ಮುಖ್ಯಸ್ಥರು ಮೊದಲ ದಿನವೇ ಹೇಳಿದ್ದರು. ಕಸ ಗುಡಿಸುವ ಇಝ್ಝಾ ಬಕೆಟ್ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು. ಅವಳೂ ಬೆಟ್ಟದವಳೇ.

"ತೊಳೆದೋರ ತಲೆ ಮೇಲೆ ಬೀಳತ್ತೆ ಯಜಮಾನ್ರೇ, ಈ ಕೆಲಸ. ನಾನು ತೊಳೆದ್ರೆ ನಾನೇ ಕೋರ್ಟಿಗೆ ಹೋಗಿ ನೀರಿನ ಸಾಕ್ಷಿ ಹೇಳ್ಬೇಕಾಗತ್ತೆ. ನಂಗೆ ಓದು ಬರಹ ಬರಲ್ಲ. ನೀವು ಓದಿದೋರು, ನೀವೇ ತೊಳೀರಿ."

ಮುಖ್ಯಸ್ಥರು ಹಿಂಬಾಗಿಲಿನಿಂದ ಓಡಾಡತೊಡಗಿದರು. ಆಮೇಲೆ ಇಡೀ ಕಟ್ಟಡದ ಅಧ್ಯಾಪಕರು ಎರಡಾಗಿ ಒಡೆದರು: ನೆತ್ತರು ದಾಟಿ ಮುಂಬಾಗಿಲಿನಿಂದ ಬರುವವರು, ಕಸದ ಡಬ್ಬಗಳ ಸಂದಿಯಲ್ಲಿ ನುಸುಳಿ ಹಿಂಬಾಗಿಲಿನಿಂದ ಬರುವವರು. ನೊಣ ಕೂತು ಕಪ್ಪಾದ ಆ ಕಲೆಯ ಮುಂದೆ ಮೇಷ್ಟ್ರುಗಳು ನಿಂತು ಒಂದು ಕ್ಷಣ ಯೋಚಿಸುವುದನ್ನು ಬದ್ರ್ ಕಿಟಕಿಯಿಂದ ನೋಡುತ್ತಿದ್ದ. ಅವನಂತೂ ಮೂರು ದಿನವೂ ಹಿಂಬಾಗಿಲು.

ಮುಂಬಾಗಿಲಿನವರು ಒಟ್ಟು ಒಂಬತ್ತು ಜನ. ಒಟ್ಟಿಗೆ ಕೂತು ಒಂದು ಹೇಳಿಕೆ ಬರೆದರು: ಈ ನೆಲದ ಮೂಲ ಜನರ ನೀರಿನ ಹಕ್ಕಿನ ಪರವಾಗಿ ನಾವು ನಿಲ್ಲುತ್ತೇವೆ, ಇತ್ಯಾದಿ. ಇತಿಹಾಸದ ಮೇಷ್ಟ್ರು ತಾಹಿರ್, ಇವರೂ ಬೆಟ್ಟದಲ್ಲೇ ಹುಟ್ಟಿದವರು, ಅದನ್ನು ಇಶ್ಶೂವಿಗೆ ಬೆಟ್ಟದ ಮಾತಿನಲ್ಲಿ ಓದಿ ಹೇಳಿದರು. ಇಶ್ಶೂ ಪೂರ್ತಿ ಕೇಳಿದ.

"ಚೆನ್ನಾಗಿದೆ. ನಿಲ್ತೀವಿ ಅಂತ ಬರ್ದಿದೀರಿ. ಎಲ್ಲಿ ಅಂತ ಬರ್ದಿಲ್ಲ."

ತಾಹಿರ್ ಸಿಹಾಮಳ ಮುಖ ನೋಡಿದರು.

"ಬಾವಿಬಾಯಲ್ಲಿ," ಎಂದರು ಸಿಹಾಮ್. ಬಕೆಟ್ ತೆಗೆದುಕೊಂಡು ಹೋಗಿ ಹೊಸ್ತಿಲನ್ನು ತಾವೇ ತೊಳೆದರು. ಇಝ್ಝಾ ನೀರು ಹೊಯ್ದುಕೊಟ್ಟಳು.

ಕೋರ್ಟು ಹಳೆಯ ಪ್ರಬಂಧವನ್ನೊಂದೇ ನಂಬಲಿಲ್ಲ. ಸುರಂಗದಲ್ಲಿ ಇಂದಿಗೂ ಊಟೆ ಇದೆಯೋ ಇಲ್ಲವೋ, ಗಣಿಯ ಪಂಪುಗಳನ್ನು ಮೂರು ದಿನ ನಿಲ್ಲಿಸಿ, ನೀರು ಏರುತ್ತದೆಯೇ ಎಂದು ಅಳೆದು ಬನ್ನಿ ಎಂದು ಒಬ್ಬ ತಜ್ಞನನ್ನು ಕಳಿಸಿತು. ಪಂಪು ನಿಂತ ಮೂರನೇ ದಿನ ಸಿಹಾಮ್ ಮತ್ತು ಒಂಬತ್ತು ಮೇಷ್ಟ್ರುಗಳು ಐತ್ ಉಝ್ರೂವಿಗೆ ಹೋದರು. ಅಳತೆಯ ಪೆಟ್ಟಿಗೆ ಹೊರಲು ಬದ್ರ್. ಸಂಬಳದ ಕೆಲಸ, ಇಲ್ಲದಿದ್ದರೆ ಹೋಗುತ್ತಿರಲಿಲ್ಲ.

ಹದಿನೆಂಟು ಬಾವಿಬಾಯಿಗಳನ್ನು ಗಣಿಯವರು ಕಲ್ಲುಮಣ್ಣು ಸುರಿದು ಮುಚ್ಚಿಬಿಟ್ಟಿದ್ದರು. ಊರವರು ಹಗಲೂ ರಾತ್ರಿ ಕಾವಲಿದ್ದು ಉಳಿಸಿಕೊಂಡದ್ದು ಹನ್ನೊಂದನೆಯದನ್ನು ಮಾತ್ರ. ಅದರ ರಾಟೆಯನ್ನೂ ಹಿಂದಿನ ದಿನ ಯಾರೋ ಕಣ್ಣು ತಪ್ಪಿಸಿ ಕೊಡಲಿಯಿಂದ ಸೀಳಿದ್ದರು. ತಜ್ಞ ಬಗ್ಗಿ ನೋಡಿದ. ಹನ್ನೆರಡು ಆಳು ಆಳ, ಕತ್ತಲು.

"ಮೇಲಿಂದ ನೋಡಿದ್ರೆ ಒಣಗಿದ ಹಾಗೇ ಕಾಣತ್ತೆ," ಎಂದ.

"ಮೇಲಿಂದ ನೋಡಿದ್ರೆ ನಿಮ್ಮ ತಲೇನೂ ಹಾಗೇ ಕಾಣತ್ತೆ," ಎಂದಳು ಗುಂಪಿನಲ್ಲಿದ್ದ ಒಬ್ಬ ಮುದುಕಿ.

ಸಿಹಾಮ್ ಸೊಂಟಕ್ಕೆ ಹಗ್ಗ ಬಿಗಿದುಕೊಂಡರು. ರಾಟೆಯಿಲ್ಲ, ಕೈಯಲ್ಲೇ ಇಳಿಸಬೇಕು. ಇಶ್ಶೂ ಪಟ್ಟಿ ಕಟ್ಟಿದ ಬಲಗೈಯನ್ನು ನೋಡಿಕೊಂಡ. ಹಗ್ಗವನ್ನು ಸೊಂಟಕ್ಕೆ ಒಂದು ಸುತ್ತು, ಎಡ ಮುಂಗೈಗೆ ಎರಡು ಸುತ್ತು ಹಾಕಿ, ಬಾವಿ ಬದಿಯ ಬಂಡೆಗೆ ಹಿಮ್ಮಡಿ ಕೊಟ್ಟು ನಿಂತ. ಅವನ ಹಿಂದೆ ತಾಹಿರ್ ಮೇಷ್ಟ್ರು. ಹಗ್ಗದ ತುದಿಯಲ್ಲಿ, ಎಲ್ಲರಿಗಿಂತ ಹಿಂದೆ, ಬದ್ರ್.

"ಒಂದು ಮಾತು ಕೊಡು ದಾದಾ," ಎಂದರು ಸಿಹಾಮ್, ಕಾಲು ಬಾವಿಯೊಳಗೆ ಇಳಿಬಿಟ್ಟು. "ನಾನು ಮೇಲೆ ಬರೋವರೆಗೂ ಯಾರ ಕಿವೀನೂ ಕಚ್ಬೇಡ."

"ಕಚ್ಚೋ ಹಲ್ಲೇ ಇಲ್ಲ," ಎಂದ ಇಶ್ಶೂ.

ಅವರು ಅರ್ಧ ಇಳಿದಿದ್ದಾಗ ಗಣಿಯ ಎರಡು ಲಾರಿ ಬಂದವು. ಗುದ್ದಲಿಯ ಕಾವು ಹಿಡಿದ ನಲವತ್ತು ಜನ ಧುಮುಕಿದರು. ತಜ್ಞನ ಜೊತೆ ಬಂದಿದ್ದ ಸಿಪಾಯಿಗಳು ಜೀಪಿಗೆ ಒರಗಿ ಸಿಗರೇಟು ಹಚ್ಚಿದರು. ಊರ ಗಂಡಸರು ಒಂದು ಕಲ್ಲು ಎತ್ತಿದ್ದರೂ ಗುಂಡು ಹಾರಿಸಲು ಅವರಿಗೆ ಅಷ್ಟು ನೆಪ ಸಾಕಿತ್ತು. ಅದು ಗೊತ್ತಿದ್ದೇ ಮೇಷ್ಟ್ರುಗಳು ಊರವರನ್ನು ಹಿಂದೆ ಸರಿಸಿ, ತಾವು ತೋಳಿಗೆ ತೋಳು ಕೊಟ್ಟು ಬಾವಿಯ ಸುತ್ತ ಕಟ್ಟೆ ಕಟ್ಟಿದ ಹಾಗೆ ನಿಂತರು. ಕನ್ನಡಕದವರು, ಬೊಜ್ಜಿನವರು, ಜನ್ಮದಲ್ಲಿ ಯಾರಿಗೂ ಒಂದು ಏಟು ಹಾಕದವರು.

ಮೊದಲ ಏಟು ಕಾನೂನು ಪಾಠ ಮಾಡುವ ಹೆಂಗಸಿನ ಮಂಡಿಗೆ ಬಿತ್ತು. ಆಕೆ ಕೂತರು, ಕೂತೇ ಪಕ್ಕದವರ ಕಾಲು ಅಪ್ಪಿಕೊಂಡರು. ಒಬ್ಬರ ತಲೆ ಒಡೆದು ಕನ್ನಡಕದ ಮೇಲೆ ನೆತ್ತರು ಇಳಿಯಿತು. ಅವರು ಅದನ್ನು ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನಿಂತರು. ಕಾವುಗಳು ಮೂಳೆಗೆ ಬೀಳುವ ಸದ್ದು ಹಸಿ ಚರ್ಮದ ಮೇಲೆ ಕೋಲು ಬಡಿದ ಹಾಗೆ ಒಂದೇ ಸಮ ಕೇಳುತ್ತಿತ್ತು. ಕಟ್ಟೆ ಎರಡು ಕಡೆ ಬಿರಿಯಿತು. ಆ ಬಿರುಕಿನಿಂದ ಮಿಮೂನ್ ಒಳಗೆ ಬಂದ.

"ಏನೋ ಇಶ್ಶೂ, ನನ್ನ ಕಿವಿ ನೆನಪಿದ್ಯಾ?"

ಇಶ್ಶೂ ಅವನ ಕಡೆ ನೋಡಲಿಲ್ಲ. ಅವನ ಬಾಯಿ ಮೊಳ ಎಣಿಸುತ್ತಿತ್ತು. ನಲವತ್ತೊಂದು. ನಲವತ್ತೆರಡು.

"ಹಗ್ಗ ಬಿಡು. ಬಿಟ್ಟು ಗಂಡಸಿನ ಹಾಗೆ ಬಾ."

ನಲವತ್ತಮೂರು. ಮಿಮೂನ್ ಮೊದಲು ಬಲ ಭುಜಕ್ಕೆ ಹೊಡೆದ. ತೋಳು ಸತ್ತ ಹಾವಿನ ಹಾಗೆ ಜೋತುಬಿತ್ತು. ಹಗ್ಗ ಸೊಂಟದ ಸುತ್ತಿನಲ್ಲಿ ನಿಂತಿತು. ತಾಹಿರ್ ಮೇಷ್ಟ್ರು ನಡುವೆ ಬಂದು, "ನೀನೂ ನಮ್ಮವನೇ ಅಲ್ವೇನಯ್ಯಾ..." ಎಂದರು. ವಾಕ್ಯ ಮುಗಿಯುವ ಮೊದಲೇ ಕಾವು ಅವರ ದವಡೆಗೆ ಬಿತ್ತು. ಮೇಷ್ಟ್ರು ಬಾಯಿ ವಾರೆಯಾಗಿ ಹಗ್ಗದ ಮೇಲೇ ಬಿದ್ದರು.

ಈಗ ಹಗ್ಗಕ್ಕೆ ಇಶ್ಶೂ ಒಬ್ಬ. ಜೀವಮಾನವಿಡೀ ಏಟಿಗೆ ಏಟು ಕೊಟ್ಟವನಿಗೆ ಎರಡೂ ಕೈ ಕಟ್ಟಿಹೋಗಿದ್ದವು. ಮಿಮೂನ್ ಅವನ ಬೆನ್ನಿಗೆ ಹೊಡೆದ, ಪಕ್ಕೆಗೆ ಹೊಡೆದ. ಎಡಗಿವಿಗೆ ಗುರಿಯಿಟ್ಟು ಮೂರು ಸಲ ಹೊಡೆದ. ಕಿವಿಯಿಂದ ನೆತ್ತರು ಕತ್ತಿಗಿಳಿದು ಅಂಗಿಯೊಳಗೆ ಹೋಯಿತು. ಇಶ್ಶೂವಿನ ಕಣ್ಣು ಬಾವಿಬಾಯಿಯನ್ನು ಬಿಟ್ಟು ಕದಲಲಿಲ್ಲ; ಉಳಿದ ಮೊಳಗಳನ್ನು ಸೊಂಟದ ಸುತ್ತಿನಿಂದಲೇ ಒಂದೊಂದಾಗಿ ಬಿಟ್ಟ. ಅದೇ ಬಾವಿಯಿಂದ ಒಂದು ಸಲ ಅವನ ಕೈಗೆ ಬರಿಯ ಹಗ್ಗ ಬಂದಿತ್ತು.

ಆಗ ಕೆಳಗಿನಿಂದ ಸಿಹಾಮಳ ಧ್ವನಿ ಎದ್ದಿತು. ಮೇಲೆ ಏನು ನಡೆಯುತ್ತಿದೆಯೆಂದು ಅವರಿಗೆ ಅಂದಾಜಿದ್ದಿರಬೇಕು. ಆದರೂ ತರಗತಿಯಲ್ಲಿ ಓದಿಸುವ ಅದೇ ಗಂಟಲು.

"ನೀರಿದೆ! ಆಳ ಮೂವತ್ತೆಂಟು ಸೆಂಟಿಮೀಟರ್! ಬರ್ಕೊಳ್ಳಿ!"

ತಜ್ಞ ಜೀಪಿನ ಚಕ್ರದ ಹಿಂದೆ ಮುದುಡಿ ಕೂತಿದ್ದ. ಅಂಕಿ ಕೇಳಿದೊಡನೆ, ಅಭ್ಯಾಸಬಲ, ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡ.

"ಹರಿವು ಇದೆ! ಬೆಟ್ಟದ ಕಡೆಯಿಂದ ತೋಟದ ಕಡೆಗೆ!"

ಬರೆದುಕೊಂಡ.

ಹಗ್ಗ ಮೂರು ಸಲ ಜಗ್ಗಿತು: ಎಳೆಯಿರಿ ಎಂದು. ಇಶ್ಶೂ ಹಿಂದಕ್ಕೆ ತಿರುಗಿ, ಎತ್ತಿನ ಹಾಗೆ ತಲೆ ತಗ್ಗಿಸಿ, ಹಗ್ಗವನ್ನು ಸೊಂಟದಲ್ಲೇ ಹೊತ್ತು ಬಾವಿಯಿಂದ ದೂರಕ್ಕೆ ನಡೆಯತೊಡಗಿದ. ಮಿಮೂನ್ ಜೊತೆಜೊತೆಗೇ ನಡೆಯುತ್ತ ಹೊಡೆಯುತ್ತಿದ್ದ. ಒಂದು ಹೆಜ್ಜೆ, ಒಂದು ಏಟು. ಇಶ್ಶೂ ಎರಡು ಸಲ ಮಂಡಿಯೂರಿದ. ಎರಡು ಸಲವೂ ಎದ್ದ.

ಇಲ್ಲಿ ಬದ್ರನ ಪರಾಕ್ರಮದ ಬಗ್ಗೆ ಒಂದು ಮಾತು. ಮರುದಿನದ ಪತ್ರಿಕೆಯಲ್ಲಿ, "ಕೊನೆಯವರೆಗೂ ಹಗ್ಗ ಬಿಡದ ಯುವ ಸಿಬ್ಬಂದಿ" ಎಂದು ಅವನ ಹೆಸರು ಬಂತು. ನಿಜವೇನೆಂದರೆ ಲಾರಿ ಕಂಡ ಕೂಡಲೇ ಅವನು ಓಡಲು ಹೊರಟಿದ್ದ. ಹಗ್ಗದ ಸುರುಳಿಯಲ್ಲಿ ಅವನ ಕಾಲು ಸಿಕ್ಕಿಕೊಂಡಿತು. ಹಗ್ಗ ಬಿಗಿದಷ್ಟೂ ಹಿಮ್ಮಡಿಯ ಚರ್ಮ ಸುಲಿಯುತ್ತಿತ್ತು, ಸಡಿಲಾಗಲಿ ಎಂದು ಅವನೂ ಶಕ್ತಿಮೀರಿ ಎಳೆದ.

ಸಿಹಾಮಳ ತಲೆ ಬಾವಿಬಾಯಿಗೆ ಬಂತು. ಎರಡೂ ಜೇಬಿನಲ್ಲಿ ನೀರಿನ ಸೀಸೆ. ಮೇಲಿನ ಹಸಿ ನೆತ್ತರು, ಬಿದ್ದವರು, ಎಲ್ಲ ಒಟ್ಟಿಗೆ ಕಣ್ಣಿಗೆ ಬಿದ್ದು ಅವರು ಅಲ್ಲೇ ಒಂದು ಗಳಿಗೆ ನೇತಾಡಿದರು. ಅಂಚಿಗೆ ಕೈಯಿಟ್ಟು ಏಳುವಾಗ, ಇಶ್ಶೂವನ್ನು ಬಿಟ್ಟು ಓಡಿಬಂದ ಮಿಮೂನ್ ಬೀಸಿದ ಕಾವು ಅವರ ಮುಂಗೈಗೆ ಬಿತ್ತು. ಮೂಳೆ ಎರಡಾಯಿತು, ಒಂದು ಸೀಸೆ ಚೂರಾಯಿ­ತು. ಇನ್ನೊಂದು ಉಳಿಯಿತು. ಅವರು ಬಾವಿಯ ಹೊರಗೆ ಬಿದ್ದದ್ದೇ ತಡ, ಊರಿನ ಹೆಂಗಸರು, ಗುಂಡು ಹಾರಿಸುವುದಾದರೆ ಹಾರಿಸಿ ಎಂದು ಸಿಪಾಯಿಗಳಿಗೆ ಕೂಗಿ ಹೇಳಿ, ಒನಕೆ, ಕಲ್ಲು, ಕಾದ ಎಣ್ಣೆಯ ಕೊಡ ಹಿಡಿದು ಮುನ್ನುಗ್ಗಿದರು. ಎಣ್ಣೆ ಮೊದಲು ಸೋಕಿದ್ದು ಮಿಮೂನನಿಗೆ. ಅವನ ಕೂಗು ಕಣಿವೆಯಾಚೆಗೂ ಹೋಯಿತೆಂದು ಹೇಳುತ್ತಾರೆ. ಇಶ್ಶೂವಿಗೆ ಅದು ಕೇಳಲಿಲ್ಲ. ಸೊಂಟದಲ್ಲಿ ಹಗ್ಗ ಬಿಗಿದೇ ಇತ್ತು, ಮುಖ ಮಣ್ಣಿನಲ್ಲಿತ್ತು. ಬಿಚ್ಚಲು ಹೋದವರಿಗೆ, "ಬಂದ್ಳಾ?" ಎಂದು ಕೇಳಿದ. ಬಂದಳು ಎಂದರು. ನಂಬಲಿಲ್ಲ. ಸಿಹಾಮ್ ತಾವೇ ತೆವಳಿಕೊಂಡು ಬಂದು ಮುರಿಯದ ಕೈಯನ್ನು ಅವನ ಮುಖದ ಮೇಲಿಟ್ಟ ಮೇಲೆ ಕಣ್ಣು ಮುಚ್ಚಿದ.

ಕೋರ್ಟು ಮೂರು ಕೊಳವೆಬಾವಿಗಳಲ್ಲಿ ಎರಡನ್ನು ಮುಚ್ಚಿಸಿತು. ಮೂರನೆಯದರ ವಿಚಾರಣೆ ಇನ್ನೂ ನಡೆಯುತ್ತಲೇ ಇದೆ. ಸುರಂಗದಲ್ಲಿ ನೀರು ಮತ್ತೆ ಮೊಣಕಾಲಿಗೆ ಬಂದಿದೆ, ಸೊಂಟಕ್ಕೆ ಬಂದಿಲ್ಲ. ಮಿಮೂನನಿಗೆ ಒಂದು ವರ್ಷ, ಎಣ್ಣೆ ಚೆಲ್ಲಿದ ಹೆಂಗಸರಿಬ್ಬರಿಗೆ ಎರಡೆರಡು ವರ್ಷ. ಸಿಹಾಮಳಿಗೆ ಬಡ್ತಿ ಸಿಗಲಿಲ್ಲ, ಸಮುದ್ರದ ದಂಡೆಯ ಸಣ್ಣ ಕಾಲೇಜಿಗೆ ವರ್ಗ ಸಿಕ್ಕಿತು. ತಾಹಿರ್ ಮೇಷ್ಟ್ರು ಮೂರು ತಿಂಗಳು ಕೊಳವೆಯಲ್ಲಿ ಸೂಪು ಕುಡಿದರು. ಈಗ ಪಾಠ ಮಾಡುವಾಗ ದವಡೆ ಕಟಕಟ ಎನ್ನುತ್ತದೆ. ವಿಭಾಗದ ಮುಖ್ಯಸ್ಥರು ಆರಾಮಾಗಿದ್ದಾರೆ. ಹಿಂಬಾಗಿಲಿಗೆ ಹೊಸ ಬಣ್ಣ ಬಳಿಸಿದ್ದಾರೆ.

ಇಶ್ಶೂವಿನ ಎಡಗಿವಿ ಪೂರ್ತಿ ಹೋಯಿತು. ಬಲಗೈ ಚಹಾ ಲೋಟ ಹಿಡಿಯುವಷ್ಟು ಮಟ್ಟಿಗೆ ಮರಳಿತು. ಹಗ್ಗ ಹಿಡಿಯುವುದಿಲ್ಲ ಈಗ. ಹಿಡಿಯುವವರ ಪಕ್ಕ ಕೂತು ಬಯ್ಯುತ್ತಾನೆ.

ಮುಂದಿನ ವಸಂತದಲ್ಲಿ ಬದ್ರ್ ನಾಲ್ಕು ದಿನ ರಜೆ ಹಾಕಿ ಐತ್ ಉಝ್ರೂವಿಗೆ ಹೋದ. ತನ್ನ ಹೆಸರು ಬಂದ ಪತ್ರಿಕೆಯನ್ನು ಅವನು ಯಾರಿಗೂ ತೋರಿಸಿರಲಿಲ್ಲ. ಇಶ್ಶೂ ಬಾವಿಬದಿಯ ಬಂಡೆಯ ಮೇಲೆ ಕೂತು ಬಾರ್ಲಿ ರೊಟ್ಟಿಯನ್ನು ಎಡಗೈಯಿಂದ ಮುರಿದು, ಎಣ್ಣೆಗೆ ಅದ್ದಿ, ದೊಡ್ಡ ಚೂರನ್ನು ಅವನಿಗೆ ಕೊಟ್ಟ. ಕೇಳುವ ಕಿವಿಯ ಕಡೆ ಜರುಗಿ ಕೂತು ಬದ್ರ್ ಕೊನೆಗೂ ಬಾಯಿಬಿಟ್ಟ.

"ದಾದಾ, ಅವತ್ತು ಪೊಲೀಸ್ರಿಗೆ ಫೋನ್ ಮಾಡಿದ್ದು ನಾನೇ."

"ಗೊತ್ತು."

"ಯಾರು ಹೇಳಿದ್ರು?"

"ಕಿಟಕೀಲಿ ನೋಡಿದ್ನಲ್ಲ ನಿನ್ನ ಮುಖಾನ. ಅವತ್ತು ಆ ಟಗರು ನಿನಗಿಂತ ಧೈರ್ಯವಾಗಿತ್ತು. ತಿನ್ನು, ತಣ್ಣಗಾಗತ್ತೆ."

ಬದ್ರ್ ತಿಂದ. ಕೆಳಗೆ ನೀರು ಹರಿಯುವ ಸದ್ದು ಬಾವಿಯ ಗಂಟಲಿನಲ್ಲಿ ಕೇಳುತ್ತಿತ್ತು. ಕೇಳಬಾರದ ಪ್ರಶ್ನೆಯೆಂದು ಗೊತ್ತಿತ್ತು, ಗೊತ್ತಿದ್ದೂ ಕೇಳಿದ.

"ಅವತ್ತು ಕೆಳಗೆ ಸಿಹಾಮ್ ಮೇಡಂ ಬದಲು ನಾನಿದ್ದಿದ್ರೆ? ಅಷ್ಟೆಲ್ಲಾ ಹೊಡೀತಾ ಇದ್ದಾಗ ಹಗ್ಗ ಹಿಡ್ಕೊಂಡಿರ್ತಿದ್ಯಾ?"

ಇಶ್ಶೂ ರೊಟ್ಟಿ ಅಗಿಯುವುದನ್ನು ನಿಲ್ಲಿಸಿ ಬಾವಿಯೊಳಗೆ ಒಂದು ಸಲ ಬಗ್ಗಿ ನೋಡಿದ. ಆಮೇಲೆ ಬದ್ರನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಬಿಟ್ಬಿಡ್ತಿದ್ದೆ."